ಮೊಲ ಹಿಡಿಯದ ಫೆಚ್ಕೆ

ಹೆಂಡತಿಯ ಬಾಯಿಯಿಂದ ಮನೆಗೆ ಒಂದು ಉಪಕಾರವೂ ಆಗಬಹುದೆಂದು ವೆಂಡೆಲ್‌ಗೆ ಹೊಳೆದದ್ದು ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ, ಅದೂ ಹಂದಿಗೂಡು ಬಳಿಯುತ್ತಿದ್ದಾಗ. (ಮಹತ್ತಾದ ಆಲೋಚನೆಗಳು ಅವನಿಗೆ ಬೇರೆಲ್ಲೂ ಬರುತ್ತಿರಲಿಲ್ಲ.)

ಸಂಗತಿ ಇಷ್ಟು. ಅಗಾರ್ ಜಾತಿಯ ಬೇಟೆನಾಯಿಗಳನ್ನೆಲ್ಲ ಗುಂಡಿಕ್ಕಿ ಮುಗಿಸಬೇಕೆಂದು ಮೇಲಿನಿಂದ ಅಪ್ಪಣೆಯಾಗಿತ್ತು. ಹಿಂದೆ ಜಮೀನ್ದಾರರು ಕುದುರೆಯೇರಿ ಈ ನಾಯಿಗಳೊಂದಿಗೆ ಬೇಟೆಗೆ ಹೋಗುತ್ತಿದ್ದರು; ಆದ್ದರಿಂದ ನಾಯಿಗಳೂ ಜಮೀನ್ದಾರರೇ. ಈಗ ಬಡವರು ಇವನ್ನೇ ಛೂ ಬಿಟ್ಟು ಸರ್ಕಾರದ ಮೊಲ ಕದಿಯುತ್ತಾರೆ. ಆದ್ದರಿಂದ ನಾಯಿಗಳು ಕಳ್ಳರೂ ಹೌದು. ಅದೇ ಚಳಿಗಾಲ ಅದೇ ಸರ್ಕಾರದ ಹೆಸರಿನಲ್ಲಿ ಬಯಲುಸೀಮೆಯ ರೈತರ ಅಟ್ಟಗಳನ್ನೆಲ್ಲ ಗುಡಿಸಿ, ಬಿತ್ತನೆಯ ಗೋಧಿಯನ್ನೂ ಬಿಡದೆ ಹೊತ್ತೊಯ್ದವರ ಜಾತಿ ಯಾವುದೆಂದು ಮಾತ್ರ ಯಾರೂ ಕೇಳುವಂತಿರಲಿಲ್ಲ. ಅಪರಾಧಿಗೆ ನಾಲ್ಕು ಕಾಲಿದ್ದರೆ ನ್ಯಾಯ ಬಲು ಚುರುಕು.

ಬೇಟೆಗೆ ಬಾರದ ನಾಯಿ ಎಂದು ತನಿಖೆಯವರಿಗೆ ಮನವರಿಕೆಯಾದರೆ ಅದು ಅಂಗಳದ ನಾಯಿ ಎನಿಸಿಕೊಂಡು ಬದುಕಬಹುದಿತ್ತು. ವೆಂಡೆಲ್‌ನ ಫೆಚ್ಕೆ ಅಪ್ಪಟ ಅಂಥದೇ. ನೋಡಲೇನೋ ಬಿಲ್ಲಿನಂಥ ಬೆನ್ನು, ಬಾಣದಂಥ ಮೂತಿ. ಬಯಲಿಗೆ ಬಿಟ್ಟರೆ ಗಾಳಿ. ಆದರೆ ಮೊಲವನ್ನು ಕಂಡರೆ ಅಟ್ಟಿಸಿಕೊಂಡು ಹೋಗಿ, ಅದರ ಪಕ್ಕಕ್ಕೆ ಬಂದು, ಅದನ್ನೂ ಹಿಂದಿಕ್ಕಿ ಮುಂದೆ ಓಡಿಬಿಡುತ್ತಿದ್ದಳು. ಅವಳಿಗೆ ಓಟ ಬೇಕಿತ್ತು, ಬೇಟೆ ಬೇಡವಾಗಿತ್ತು. ಹುಟ್ಟಿದಾರಭ್ಯ ಒಂದು ಮೊಲವನ್ನೂ ಹಿಡಿದವಳಲ್ಲ.

ಇದು ಗೊತ್ತಿದ್ದದ್ದು ಗಂಡಹೆಂಡಿರಿಬ್ಬರಿಗೆ ಮಾತ್ರ. ಹೆಂಡದಂಗಡಿಯಲ್ಲಿ ವೆಂಡೆಲ್ ಹೇಳುತ್ತಿದ್ದದ್ದು ಬೇರೆಯೇ ಪುರಾಣ. ಭಾನುವಾರ ಭಾನುವಾರಕ್ಕೂ ಫೆಚ್ಕೆ ಕೊಂದ ಮೊಲಗಳು ಹೆಚ್ಚುತ್ತಿದ್ದವು. ಕೇಳುವವರು ಮೀಸೆಯಡಿ ನಗುತ್ತಿದ್ದರು.

ಹೆಂಡತಿ ಬೋರ್ಚಾಳ ಪುರಾಣ ನಿಜದ್ದು. ಬಾತಿನ ಗರಿಯ ಕೌದಿಯ ಮೇಲೆ ನಾಯಿ, ಬೆಂಚಿನ ಮೇಲೆ ಗಂಡ. ಕೋಳಿಗೂಡಿಗೆ ನರಿ ನುಗ್ಗಿದಾಗ ಈ ಮಹಾರಾಣಿ ಬೊಗಳಲಿಲ್ಲ. ನರಿಗೆ ಸಂಕೋಚವಾದೀತೆಂದು ಮುಖ ತಿರುಗಿಸಿಕೊಂಡಿತು. ಹೀಗೆ ದಿನವೂ ಬೈಯುತ್ತಲೇ ಹಾಲಿನಲ್ಲಿ ರೊಟ್ಟಿ ನೆನೆಸಿ ಮೊದಲು ಅದಕ್ಕೇ ಇಡುತ್ತಿದ್ದವಳೂ ಅವಳೇ.

ಈ ಬೈಗುಳವನ್ನೇ ಸರ್ಕಾರದ ಮುಂದೆ ಹರಿಯಬಿಡುವುದು ವೆಂಡೆಲ್‌ನ ಉಪಾಯ. ಬೋರ್ಚಾ ಒಪ್ಪಿದಳು. ಒಂದೇ ಷರತ್ತು ಹಾಕಿದಳು: "ನೀವು ಬಾಯಿ ಬಿಡಬಾರದು. ನೀವು ಬಾಯಿ ಬಿಟ್ರೆ ಬಣ್ಣಗೇಡು."

ತನಿಖೆಗೆ ಬಂದವನು ಪಕ್ಕದೂರಿನ ಕಾಮ್ರೇಡ್ ಗಾಲ್ಫಿ. ಜೊತೆಗೆ ಕೋವಿ ಹಿಡಿದ ಕಾವಲುಗಾರ. ಬೋರ್ಚಾ ಪ್ಲಮ್ ಸಾರಾಯಿ ಬಗ್ಗಿಸಿ, ಕೌದಿಯಿಂದ ಶುರುಮಾಡಿ ನರಿಯವರೆಗೂ ಎಲ್ಲವನ್ನೂ ಹರಿಕಥೆಯಂತೆ ವಿಸ್ತರಿಸಿದಳು. ಗಾಲ್ಫಿ ಕಣ್ಣೊರೆಸಿಕೊಂಡು ನಕ್ಕ. ಫೆಚ್ಕೆಯೂ ತನ್ನ ಪಾಲಿನ ಸಾಕ್ಷ್ಯ ನುಡಿದಳು: ಅಪರಿಚಿತರಿಬ್ಬರು ಬಂದರೂ ಗುರ್ ಎನ್ನದೆ ಒಲೆಯ ಪಕ್ಕ ಮಲಗಿ ಆಕಳಿಸಿದಳು.

ಕೆಲಸ ಮುಗಿದಿತ್ತು. ಗಾಲ್ಫಿ ಟೋಪಿ ಹಾಕಿಕೊಂಡು ಬಾಗಿಲಿಗೆ ನಡೆದಿದ್ದ. ಹೊಸಿಲಲ್ಲಿ ತಿರುಗಿ, ಒಳ್ಳೆಯ ಮನಸ್ಸಿನಿಂದಲೇ ಅಂದ: "ಪಾಪ, ಇದೆಂಥ ಅಗಾರ್ ಬಿಡಿ. ನಮ್ಮೂರ ಕಮ್ಮಾರನದೊಂದಿತ್ತು. ಅದರ ಮುಂದೆ ಇದು ಮೇಕೆ."

ಬೋರ್ಚಾ ಗಂಡನ ಕಾಲು ತುಳಿದಳು. ತಡವಾಗಿತ್ತು.

"ಮೇಕೆ ಅಂದ್ರಾ?" ಅಂದ ವೆಂಡೆಲ್. "ಆ ಕಮ್ಮಾರನ ನಾಯಿ ಹೋದ ಚಳಿಗಾಲ ಪೂರ್ತಿ ಇವಳ ಬಾಲ ನೋಡ್ಕೊಂಡೇ ಓಡಿದ್ದು. ಒಂದೇ ಬೆಳಗ್ಗೆ ಏಳು ಮೊಲ ಹಿಡ್ದಿದಾಳೆ ಇವಳು."

ಗಾಲ್ಫಿ ಟೋಪಿ ತೆಗೆದ.

"ಸುಳ್ಳು ಕಾಮ್ರೇಡ್," ಅಂದಳು ಬೋರ್ಚಾ. "ಇವ್ರು ಬಾಯಿಬಡುಕ್ರು, ಊರಿಗೇ ಗೊತ್ತು. ಅವಳು ಒಂದು ಇಲೀನೂ ಹಿಡಿದಿಲ್ಲ."

(‘ಅದು’ ಎನ್ನುತ್ತಿದ್ದ ನಾಯಿಯನ್ನು ‘ಅವಳು’ ಎಂದದ್ದು ಬೋರ್ಚಾಳಿಗೇ ತಿಳಿಯಲಿಲ್ಲ.)

ಗಾಲ್ಫಿ ಶಾಂತವಾಗಿ, ಶಾಲೆಯ ಮಕ್ಕಳಿಗೆ ಹೇಳುವಂತೆ ಹೇಳಿದ: "ಮನೆ ಉಳಿಸೋಕೆ ಹೆಂಗಸ್ರು ಸುಳ್ಳು ಹೇಳೋದು ದಿನಾ ನೋಡ್ತೀನಮ್ಮ. ಆದ್ರೆ ತನ್ನ ತಲೆ ಮೇಲೆ ತಾನೇ ಚಪ್ಪಡಿ ಎಳ್ಕೊಳ್ಳೋ ಸುಳ್ಳನ್ನ ಯಾವ ಗಂಡಸು ಹೇಳ್ತಾನೆ?"

ವೆಂಡೆಲ್ ಆಗ ನಿಜವನ್ನು ಮೂರು ಬಗೆಯಲ್ಲಿ ಹೇಳಿದ. ಮೊಣಕಾಲೂರಿಯೂ ಹೇಳಿದ. ಬೇಡಿಕೊಂಡಷ್ಟೂ ನಾಯಿಯ ಬೆಲೆ ಗಾಲ್ಫಿಯ ಕಣ್ಣಲ್ಲಿ ಏರುತ್ತಲೇ ಹೋಯಿತು.

ಕಾವಲುಗಾರ ಕರೆದ. ಫೆಚ್ಕೆ ಏಳಲಿಲ್ಲ. ಅವನು ಸಿಳ್ಳೆ ಹಾಕಿದ, ಹಂದಿಕೊಬ್ಬಿನ ತುಂಡು ತೋರಿಸಿದ. ಅವಳು ಹಲ್ಲು ಕಿರಿಯಲಿಲ್ಲ, ಓಡಿಹೋಗಲೂ ಇಲ್ಲ. ಸಭ್ಯಸ್ಥರ ಮನೆಯ ಹೆಣ್ಣಿನಂತೆ ಬೇರೆ ಕಡೆ ನೋಡುತ್ತ ಕುಳಿತಳು. ಈ ಜಾತಿಯೇ ಹಾಗೆ. ತನ್ನವನೊಬ್ಬನ ಮಾತು ಬಿಟ್ಟು ಮಿಕ್ಕ ಲೋಕದ ಮಾತೆಲ್ಲ ಗಾಳಿಯ ಸದ್ದು.

"ನೀನೇ ಕರಿ," ಅಂದ ಗಾಲ್ಫಿ.

ವೆಂಡೆಲ್ ಕರೆದ. ಫೆಚ್ಕೆ ಮೈ ಮುರಿದು ಎದ್ದು, ಬಾಲವಾಡಿಸಿ, ಅವನ ತೊಡೆಗೆ ಒರಗಿಕೊಂಡೇ ಕೊಟ್ಟಿಗೆಯ ಹಿಂದಕ್ಕೆ ನಡೆದಳು. ಓಡಲು ಹೋಗುತ್ತಿದ್ದೇವೆಂದು ತಿಳಿದಿರಬೇಕು.

ಆ ವಾರವೆಲ್ಲ ಬೋರ್ಚಾ ಗಂಡನನ್ನು ಬೈಯಲಿಲ್ಲ. ಅಡುಗೆ ಮಾಡಿದಳು, ಬಡಿಸಿದಳು. ಬೈಗುಳವಿಲ್ಲದ ಮನೆಯಲ್ಲಿ ಕೂರಲಾಗದೆ ವೆಂಡೆಲ್ ಭಾನುವಾರ ಹೆಂಡದಂಗಡಿಗೆ ಹೋದ.

ಅವನು ಒಳಗೆ ಬಂದಾಗ ಎಲ್ಲರೂ ಎದ್ದು ನಿಂತರು. ಯಾರೋ ಟೋಪಿ ತೆಗೆದರು, ಯಾರೋ ಒಲೆಯ ಹತ್ತಿರದ ಜಾಗ ಬಿಟ್ಟುಕೊಟ್ಟರು. ಸರ್ಕಾರವೇ ಕೋವಿ ಕಳಿಸಿತೆಂದ ಮೇಲೆ ನಾಯಿ ಸಾಮಾನ್ಯದ್ದಾಗಿರಲು ಸಾಧ್ಯವೇ? ಮುದುಕರೊಬ್ಬರು ಅವನ ಲೋಟ ತುಂಬಿಸಿ, ಆ ಏಳು ಮೊಲದ ಬೆಳಗಿನ ಕಥೆಯನ್ನು ಇನ್ನೊಮ್ಮೆ ಹೇಳೆಂದು ಕೇಳಿದರು. ಯಾರ ಮೀಸೆಯಡಿಯೂ ನಗುವಿರಲಿಲ್ಲ.

"ಅವಳು ಒಂದೂ ಹಿಡಿದಿರಲಿಲ್ಲ," ಅಂದ ವೆಂಡೆಲ್. "ನಾನು ಹೇಳಿದ್ದೆಲ್ಲ ಸುಳ್ಳು."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲನೆ ತಲೆಯಾಡಿಸಿದರು. ಅಂಗಡಿಯವನು ಬಗ್ಗಿ ಅವನ ಭುಜ ತಟ್ಟಿ ಪಿಸುಗುಟ್ಟಿದ:

"ಜಾಣ. ಹೊರಗೆ ಹಾಗೇ ಹೇಳ್ತಿರು."