ಮುಳುಗಿದ ಊರಿಗೊಂದು ಬಸ್ಸು

ಹುಬ್ಬಳ್ಳಿಯಿಂದ ಬರಬೇಕಿದ್ದ ಕ್ಯಾಸೆಟ್ಟುಗಳ ಪೆಟ್ಟಿಗೆ ಎರಡು ದಿನ ತಡವಾಗಿ, ಬಿಡುಗಡೆ ಸಮಾರಂಭದ ದಿನವೇ ಬೆಳಗಿನ ಬಸ್ಸಿಗೆ ಹಳಿಯಾಳ ತಲುಪಿತು. ಒಂದನ್ನಾದರೂ ಹಾಕಿ ಕೇಳಲು ಮಹಾಂತಪ್ಪನಿಗೆ ಪುರುಸೊತ್ತಾಗಲಿಲ್ಲ. ಆ ದಿನದ ಅನಾಹುತಕ್ಕೆಲ್ಲ ಅದೇ ಕಾರಣ.

ಮಹಾಂತಪ್ಪ ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ಅಳೆಯುವವನು. ಆದರೆ ೧೯೮೪ರಲ್ಲಿ ಅವನು ‘ಬ್ಲ್ಯಾಕ್ ರಿವರ್’ ಎಂಬ ಬ್ಯಾಂಡಿನ ಗಾಯಕನಾಗಿದ್ದ. ಕಾಳಿ ನದಿಗೆ ಅವರಿಟ್ಟ ಇಂಗ್ಲಿಷ್ ಹೆಸರದು. ಅವನೂ, ಗಿಟಾರಿನ ದಿನೇಶನೂ, ಡ್ರಮ್ಮಿನ ಲೋಕೇಶನೂ ದಾಂಡೇಲಿಯ ಸೆಕೆಯಲ್ಲಿ ಕೋಟು ತೊಟ್ಟು, ಒಂದು ಕಣ್ಣು ಮುಚ್ಚುವಷ್ಟು ಕೂದಲು ಇಳಿಬಿಟ್ಟು, ಪುಟ್ಟ ಕೀಬೋರ್ಡಿನಿಂದ ಗಿರಣಿಯ ಸೈರನ್ನಿನಂಥ ಸದ್ದು ಹೊರಡಿಸುತ್ತಿದ್ದರು. ಚಂದ್ರ, ಮಲ್ಲಿಗೆ, ಕೋಗಿಲೆ ಅವರ ಹಾಡಿಗೆ ವರ್ಜ್ಯ. “ಇದಕ್ಕ ನ್ಯೂ ವೇವ್ ಅಂತಾರ” ಎಂದು ಅವರು ಹೇಳಿದರೆ, “ಮೈಕ್ ಕೆಟ್ಟೈತಿ” ಎಂದು ಊರಿನವರು ಹೇಳುತ್ತಿದ್ದರು.

ಎರಡು ವರ್ಷಕ್ಕೆ ದಿನೇಶನಿಗೆ ಕ್ಯಾಸಲ್‌ರಾಕ್‌ನಲ್ಲಿ ರೈಲ್ವೆ ನೌಕರಿ ಸಿಕ್ಕಿ ಬ್ಯಾಂಡು ನಿಂತುಹೋಯಿತು. ಹದಿನೇಳು ವರ್ಷಗಳ ಮೇಲೆ ಈಗ ಮೂವರೂ ಮತ್ತೆ ಕೂಡಿ ‘ಮುಳುಗಿದ ಊರಿಗೊಂದು ಬಸ್ಸು’ ಎಂಬ ಹೊಸ ಆಲ್ಬಮ್ ತಂದಿದ್ದರು. ದಿನೇಶನ ಊರು ಸೂಪಾ ಅಣೆಕಟ್ಟಿನ ನೀರಿನ ಕೆಳಗಿತ್ತು. ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡು ಕಟ್ಟಿದವನು ಅವನೇ.

ಸಭಾಭವನ ತುಂಬಿತ್ತು. ಮುಖ್ಯ ಅತಿಥಿ ನಿವೃತ್ತ ಹೆಡ್‌ಮಾಸ್ತರ ಚನಬಸಪ್ಪನವರು. ಹಿಂದೊಮ್ಮೆ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಇದೇ ಬ್ಯಾಂಡಿನ ವೈರು ಕಿತ್ತೊಗೆದವರು. ಅವರು ಕಿವಿಯಲ್ಲಿ ಹತ್ತಿ ಇಟ್ಟುಕೊಂಡೇ ಬಂದು ಕೂತಿದ್ದರು. ಕ್ಯಾಸೆಟ್ಟಿನ ಹೊದಿಕೆ ಬಿಚ್ಚಿ, ಟೇಪ್ ರೆಕಾರ್ಡರಿಗೆ ಹಾಕಿ, ಗುಂಡಿ ಒತ್ತಿದರು.

ಟುಂಯ್ ಎಂದು ಏಕತಾರಿ ಮಿಡಿಯಿತು. ತಾಳ ಸೇರಿತು. ಅದರ ಹಿಂದೆ ಗಂಭೀರವಾದ ಗಂಡುದನಿಯೊಂದು ಶಿವನನ್ನು ಕರೆಯತೊಡಗಿತು.

ಮಹಾಂತಪ್ಪನ ಮುಖ ಹಿಂಡಿದ ಬಟ್ಟೆಯಂತಾಯಿತು. ಹೊದಿಕೆಯ ಮೇಲೆ ತಮ್ಮದೇ ಫೋಟೋ, ಒಳಗೆ ಯಾರದೋ ಭಜನೆ! ಕ್ಯಾಸೆಟ್ ಕಾರ್ಖಾನೆಯವರು ಅದಲುಬದಲು ಮಾಡಿದ್ದರು.

ದಿನೇಶ ಅವನ ತೋಳು ಹಿಡಿದು ಪಿಸುಗುಟ್ಟಿದ: “ಮಹಾಂತ್ಯಾ, ನನ್ನ ಊರು ಎಲ್ಲಿ ಹೋತೋ?”

“ದಿನ್ಯಾ, ನಿನ್ನಾಣಿ, ನನಗ ಗೊತ್ತಿಲ್ಲೋ.”

“ಒಂದ್ ಸಲ ಡ್ಯಾಮ್ ಕಟ್ಟಿದವ್ರು ಮುಳುಗಿಸಿದ್ರು. ಇನ್ನೊಂದ್ ಸಲ ನೀ ಮುಳುಗಿಸಿದಿ!” ಎಂದು ದಿನೇಶ ವೇದಿಕೆಯ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತ. ಲೋಕೇಶ ಅವನನ್ನು ಸಮಾಧಾನಪಡಿಸಲು ಹೋಗಿ ಅಲ್ಲೇ ಉಳಿದ.

ನಿಜ ಹೇಳಿಬಿಡೋಣವೆಂದು ಮಹಾಂತಪ್ಪ ಮೈಕಿನತ್ತ ನಡೆದ. ಅಷ್ಟರಲ್ಲಿ ಚನಬಸಪ್ಪನವರು ಕಿವಿಯ ಹತ್ತಿ ತೆಗೆದು ಅದರಿಂದಲೇ ಕಣ್ಣೊರೆಸಿಕೊಂಡರು.

“ಮಹಾಂತಪ್ಪಾ, ಅವತ್ತ ನಿನ್ನ ವೈರ್ ಕಿತ್ತಿದ್ದು ನನ್ನ ತಪ್ಪು. ಇಂಥಾ ದನಿ ಹೊಟ್ಟ್ಯಾಗ ಇಟಕೊಂಡು ಆ ಕಿರಿಕಿರಿ ಯಾಕ ಬಾರಿಸ್ತಿದ್ದೆಪಾ?” ಎಂದು ಅವನನ್ನು ಬಲವಾಗಿ ತಬ್ಬಿಕೊಂಡರು. ಅವರ ಹೆಗಲ ಮೇಲಿಂದ ಮಹಾಂತಪ್ಪನಿಗೆ ಹೆಂಡತಿ ಮಾಲವ್ವ ಕಂಡಳು. ಹದಿನೆಂಟು ವರ್ಷದ ಸಂಸಾರದಲ್ಲಿ ಅವನು ಹಾಡಲು ಬಾಯಿ ತೆರೆದಾಗಲೆಲ್ಲ ಮಿಕ್ಸರ್ ಹಚ್ಚುತ್ತಿದ್ದ ಮಾಲವ್ವ ಈಗ ಸೆರಗಿನಿಂದ ಮೂಗು ಒರೆಸುತ್ತಿದ್ದಳು.

“ನಿಮ್ಮೊಳಗ ಇಂಥಾ ಮನಷ್ಯಾ ಅದಾನಂತ ಗೊತ್ತ ಇರಲಿಲ್ರೀ” ಎಂದಳು.

ಮಹಾಂತಪ್ಪನ ಬಾಯಿಗೆ ಬಂದಿದ್ದ ನಿಜ ಮತ್ತೆ ಹೊಟ್ಟೆಗಿಳಿಯಿತು.

“ಟೇಪಿನ ಜೋಡಿ ನೀವೂ ಹಾಡ್ರಿ! ನಾವು ಕಣ್ಣಾರೆ ನೋಡ್ಬೇಕು” ಎಂದು ಪಕ್ಕದ ಮನೆಯ ಗೋದುಬಾಯಿ ಕೂಗಿದಳು. ಓಣಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಓಡುವವಳು ಅವಳು. ಈಗಲೂ ಓಡಿಬಂದು ಅವನ ಕೈಗೆ ತಾಳ ತುರುಕಿದಳು.

ಮಹಾಂತಪ್ಪ ಕಣ್ಣು ಮುಚ್ಚಿ, ತಲೆ ಅಲ್ಲಾಡಿಸುತ್ತ, ಟೇಪಿನ ದನಿಗೆ ತುಟಿ ಕೂಡಿಸಿದ. ಎರಡು ನುಡಿ ದಾಟಿತು. ಮೂರನೆಯದಕ್ಕೆ ಬಾಯಿ ಅಗಲಿಸಿದ್ದೇ ತಡ, ಕರೆಂಟು ಹೋಯಿತು. ದನಿ ನಿಂತಿತು. ಬಾಯಿ ಮಾತ್ರ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ನಿಲ್ಲಿಸಿದ ಜೀಪಿನಂತೆ ತೆರೆದೇ ಇತ್ತು.

ಸಭೆ ಉಸಿರು ಹಿಡಿಯಿತು. ಇನ್ನು ಮುಗಿಯಿತು ಎಂದು ಅವನು ಕಣ್ಣು ತೆರೆಯುವಷ್ಟರಲ್ಲಿ ಗೋದುಬಾಯಿ ಚೀರಿದಳು: “ನೋಡ್ರಿ, ಭಕ್ತಿ ಉಕ್ಕಿ ದನಿ ಕಟ್ಟೈತಿ!”

ಚಪ್ಪಾಳೆಗೆ ಸೂರಿನ ಪಾರಿವಾಳಗಳು ಹಾರಿದವು. ಇಬ್ಬರು ಮುದುಕಿಯರು ಕಾಲಿಗೆ ಬಿದ್ದರು. ಕ್ಯಾಸೆಟ್ಟುಗಳು ಒಂದೂ ಉಳಿಯಲಿಲ್ಲ. ಶ್ರಾವಣದ ನಾಲ್ಕೂ ಸೋಮವಾರ ಓಣಿಯಲ್ಲಿ ಮಹಾಂತಪ್ಪನ ಭಜನೆ ಎಂದು ಚನಬಸಪ್ಪನವರು ಅಲ್ಲೇ ಘೋಷಿಸಿದರು. ಮೊದಲ ಸೋಮವಾರ ಮರುವಾರವೇ ಇತ್ತು.

ಅದೇ ದಿನ ಮಧ್ಯಾಹ್ನ ನಾಲ್ಕಕ್ಕೆ ಮೂವರು ಗೆಳೆಯರು ಮಹಾಂತಪ್ಪನ ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ, ಹಣೆತುಂಬ ವಿಭೂತಿ ಬಳಿದ, ತಲೆಗೆ ಬಿಳಿ ರುಮಾಲು ಸುತ್ತಿದ ಮುದುಕರೊಬ್ಬರು ಬಿರಬಿರನೆ ಬಂದರು.

“ನಾ ಮಲಕಪ್ಪ, ಅತ್ತಿವೇರಿ ಭಜನಿ ಮೇಳದಾಂವ. ಕ್ಯಾಸೆಟ್ ಮಾಡಿದವ್ರಿಗೆ ಫೋನ್ ಮಾಡಿ ನಿಮ್ಮ ವಿಳಾಸ ತಗೊಂಡೆ. ನನ್ನ ಕ್ಯಾಸೆಟ್ಟಿನ್ಯಾಗ ನಿಮ್ಮ ಹಾಡು ಬಂದಾವ.”

ಮಹಾಂತಪ್ಪ ಎದ್ದು ಕೈಮುಗಿದ. “ಅಜ್ಜಾರ, ತಪ್ಪಾತ್ರಿ. ಮಂದಿ ಬೈದ್ರೇನು?”

“ಬೈಯೂದೇನು? ಮುಂಜಾನೆ ಮಠದಾಗ ಹಚ್ಚಿದ್ವಿ. ಮೊದಲು ಎಲ್ಲಾರೂ ಗಾಬರಿ ಆದ್ರು. ಆಮ್ಯಾಲ ಒಬ್ಬೊಬ್ರ ಎದ್ದು ಕುಣದ್ರು. ಆ ಮುಳುಗಿದ ಊರಿನ ಹಾಡು ನಾಕ್ ಸಲ ಹಚ್ಚಿಸಿದ್ರು.”

ಗೋಡೆ ನೋಡುತ್ತಿದ್ದ ದಿನೇಶ ಗಕ್ಕನೆ ತಿರುಗಿದ. ಮಹಾಂತಪ್ಪನ ಎದೆಯುಬ್ಬಿತು. ಕಡೆಗೂ ನ್ಯೂ ವೇವ್ ಗೆದ್ದಿತ್ತು!

“ಹಂಗಾರ ಹಾಡಿದ್ದು ನಾವಂತ ಹೇಳಿದ್ರಿಲ್ಲೋ?”

ಮಲಕಪ್ಪನವರು ರುಮಾಲು ಸರಿಮಾಡಿಕೊಂಡರು. “ಹೇಳಾಕ ಬಾಯಿ ತೆರದೆ ತಮ್ಮಾ. ನಾ ಭಜನಿಗೆ ಕುಂತ್ರ ಬಾಗಲಾ ಹಾಕ್ಕೊಳ್ಳೊ ನನ್ನ ಮೊಮ್ಮಗಳು ಸೌಂದರ್ಯಾ ಬಂದು ಕೊರಳಿಗೆ ಬಿದ್ಲು. ‘ಅಜ್ಜಾ, ನೀ ಇಷ್ಟು ಮಾಡರ್ನ್ ಅದಿ ಅಂತ ಗೊತ್ತಿರಲಿಲ್ಲ’ ಅಂದ್ಲು. ಹೆಂಗ ಹೇಳ್ಲಿ?”

ಮಹಾಂತಪ್ಪ ಒಳಗೆ ಪಾಯಸ ಕುದಿಸುತ್ತಿದ್ದ ಮಾಲವ್ವನತ್ತ ನೋಡಿದ.

“ಶುಕ್ರವಾರ ಮುಂಡಗೋಡ ಕಾಲೇಜಿನ್ಯಾಗ ನನ್ನ ಕಾರ್ಯಕ್ರಮ ಇಟ್ಟಾರ” ಎಂದು ಮುದುಕರು ದನಿ ತಗ್ಗಿಸಿದರು. “ನಾ ಮುಂದ ನಿಂದ್ರತೇನಿ, ನೀವು ಮೂರೂ ಮಂದಿ ಪರದೆ ಹಿಂದ ನಿಂತು ಹಾಡ್ರಿ. ಸೋಮವಾರ ನಿನ್ನ ಭಜನಿಗೆ ನಾ ಬಂದು ಪರದೆ ಹಿಂದ ಕೂಡ್ತೇನಿ. ಆತಿಲ್ಲೋ?”

ಹದಿನೇಳು ವರ್ಷದ ಮೇಲೆ ಸಿಕ್ಕ ವೇದಿಕೆ. ಅದೂ ಪರದೆಯ ಹಿಂದೆ. ಮಹಾಂತಪ್ಪ ಗೆಳೆಯರನ್ನು ನೋಡಿದ. ದಿನೇಶ ಆಗಲೇ ಗಿಟಾರಿನ ತಂತಿ ಬಿಗಿಯುತ್ತಿದ್ದ. ಮಹಾಂತಪ್ಪ ನಿಟ್ಟುಸಿರಿಟ್ಟು ಹೂಂ ಎಂದು ತಲೆಯಾಡಿಸಿದ.

ಮಲಕಪ್ಪನವರು ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತರು.

“ಇನ್ನೊಂದು ಮಾತು ತಮ್ಮಾ. ಎರಡನೇ ಹಾಡಿನ್ಯಾಗ ನಿನ್ನ ಸ್ವರ ಒಂದೀಟು ಜಾರ್ತೈತಿ. ಶುಕ್ರವಾರದೊಳಗ ತಿದ್ದಕೋ. ನನ್ನ ಮರ್ಯಾದಿ ಪ್ರಶ್ನೆ!”