ಮಾವನ ರೀಲಿನ ಸ್ಕ್ರೂ

ಎಲ್ಲ ರಗಳೆಗೂ ಮೂಲ ಒಂದು ಸ್ಕ್ರೂ. ಅಕ್ಕಿಕಾಳಿಗಿಂತ ತುಸು ದಪ್ಪ, ಅಷ್ಟೇ. ಶನಿವಾರ ಬೆಳಿಗ್ಗೆ ಮಾವ ಬಂದು, ಬಾಗಿಲಲ್ಲೇ ನಿಂತು, ಬಟ್ಟೆಯಲ್ಲಿ ಸುತ್ತಿದ ಗಾಳದ ರೀಲನ್ನು ಮಗಳ ಕೈಗಿಟ್ಟರು.

"ಇದರ ಫ್ರೇಮು ಅಲ್ಲಾಡ್ತಿದೆ. ಸ್ಕ್ರೂ ಸಡಿಲ ಆಗಿದೆ. ನಿನ್ನ ಗಂಡಂಗೆ ಕೊಡು, ನೋಡ್ಲಿ. ಸಂಜೆ ಬರ್ತೀನಿ."

'ನಿನ್ನ ಗಂಡ' ಎರಡು ಮೊಳ ದೂರದಲ್ಲೇ ಹಲ್ಲುಜ್ಜುತ್ತ ನಿಂತಿದ್ದ. ಮದುವೆಯಾಗಿ ಹನ್ನೆರಡು ವರ್ಷವಾದರೂ ಮಾವ ಅಳಿಯನನ್ನು ನೇರವಾಗಿ ಮಾತಾಡಿಸಿದವರಲ್ಲ. ಕಾರಣ ಇಲ್ಲದಿಲ್ಲ. ಅಳಿಯ ಗ್ರಂಥಾಲಯದ ಗುಮಾಸ್ತ, ಪುಸ್ತಕಕ್ಕೆ ಮುದ್ರೆ ಒತ್ತುವುದರಲ್ಲಿ ಗಟ್ಟಿಗ. ಆದರೆ ಮಾವನ ಗಡಿಯಾರ ಒರೆಸಲು ಹೋಗಿ ಮುಳ್ಳು ಕಿತ್ತಿದ್ದ. ಅವರ ಕುರ್ಚಿಯ ಬೆನ್ನು ಬಿಗಿ ಮಾಡಲು ಹೋಗಿ ಅದನ್ನು ಸ್ಟೂಲು ಮಾಡಿಟ್ಟಿದ್ದ. ಅವನು ಮುಟ್ಟಿದ್ದೆಲ್ಲ ಮಣ್ಣು ಎಂಬುದು ಮಾವನ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಅಂಥ ಮಾವ ತಾವಾಗಿ ರೀಲು ಕೊಟ್ಟು ಹೋಗಿದ್ದಾರೆ! ಅದೂ ಎಂಥ ರೀಲು? ಅತ್ತೆಯ ತಂದೆ ಮದುವೆಯಲ್ಲಿ ಕೊಟ್ಟದ್ದು, ನಲವತ್ತು ವರ್ಷದಿಂದ ಪ್ರತಿ ಭಾನುವಾರ ಮಾವನ ಜೊತೆ ಕೆರೆಗೆ ಹೋಗಿಬಂದದ್ದು. ಅಳಿಯನ ಎದೆಯುಬ್ಬಿತು. ಇದೊಂದನ್ನು ಸರಿಮಾಡಿಕೊಟ್ಟರೆ ಒಮ್ಮೆಯಾದರೂ ಬಾಯಿತುಂಬ 'ಅಳಿಯಂದಿರೇ' ಎಂದಾರು ಎಂದು ಅವನಿಗೆ ನಿಜಕ್ಕೂ ಆಸೆಯಾಯಿತು.

"ಸ್ಕ್ರೂ ತಿರುಗಿಸಿ ಸುಮ್ನಿರಿ. ಬುದ್ಧಿ ಓಡಿಸೋಕೆ ಹೋಗ್ಬೇಡಿ," ಎಂದಳು ಹೆಂಡತಿ.

ಅವನು ತಿರುಗಿಸಿದ. ಸ್ಕ್ರೂ ತಿರುಗಿತು, ತಿರುಗುತ್ತಲೇ ಇತ್ತು. ಅದರ ಥ್ರೆಡ್ಡೇ ಸವೆದುಹೋಗಿತ್ತು. ಹೊಸದನ್ನು ತರಲು ರೀಲು ಹಿಡಿದು ಮೆಟ್ಟಿಲಿಳಿಯುವಾಗ ಮೇಲ್ಮನೆಯ ಫಿಟ್ಟರ್ ಎದುರಾದರು. ಕಾರ್ಖಾನೆಯಿಂದ ನಿವೃತ್ತರಾಗಿ ಆರು ತಿಂಗಳು; ಸ್ವಂತ ಮನೆಯಲ್ಲಿ ಬಿಚ್ಚಲು ಏನೂ ಉಳಿದಿಲ್ಲದೆ, ಈಗ ಕಂಡವರ ನಲ್ಲಿಗಳ ಮೇಲೆ ಕಣ್ಣಿಟ್ಟಿದ್ದರು.

"ಹಿತ್ತಾಳೆ ಸ್ಕ್ರೂ ಅಲ್ವೇನ್ರೀ ಇದು?" ಎಂದು ಅವರು ರೀಲನ್ನು ಕಸಿದುಕೊಂಡರು. "ದೊಡ್ಡ ಮೀನು ಬಿದ್ರೆ ಇದು ತಡ್ಕೊಳ್ಳುತ್ತಾ? ಸ್ಟೀಲ್ ಹಾಕ್ಸಿ. ನಡೀರಿ, ನಾನೂ ಬರ್ತೀನಿ."

ಕೆಳಗಿನ ಹಾರ್ಡ್‌ವೇರ್ ಅಂಗಡಿಯವನ ಬಳಿ ಅಷ್ಟು ಸಣ್ಣ ಸ್ಟೀಲ್ ಸ್ಕ್ರೂ ಇರಲಿಲ್ಲ. ಆದರೆ ಇಲ್ಲ ಎಂದು ಗಿರಾಕಿಯನ್ನು ಕಳಿಸುವ ಜಾಯಮಾನವೂ ಅವನದಲ್ಲ.

"ಆ ಸೈಜು ಈಗ ಯಾರು ಇಡ್ತಾರೆ ಸಾರ್? ಅದರ ಮೇಲಿಂದು ತಗೊಳ್ಳಿ. ತುಕ್ಕು ಹಿಡಿಯಲ್ಲ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹೀಗೇ ಇರುತ್ತೆ."

ದೊಡ್ಡ ಸ್ಕ್ರೂಗೆ ದೊಡ್ಡ ತೂತು ಬೇಕು. ಫಿಟ್ಟರ್ ಬಳಿ ಇದ್ದದ್ದು ಗೋಡೆ ಕೊರೆಯುವ ಯಂತ್ರ. ಸಣ್ಣ ತೂತು ಕೊರೆಯುವವರು ಆ ಬೀದಿಯಲ್ಲಿ ಒಬ್ಬರೇ, ಎದುರುಮನೆಯ ಹಲ್ಲಿನ ಡಾಕ್ಟರು. ಅಂಗಡಿಯವನೂ ಸೇರಿ ಮೂವರೂ ಒಳನುಗ್ಗಿದಾಗ ಕುರ್ಚಿಯಲ್ಲಿ ಒಬ್ಬ ರೋಗಿ ಬಾಯಿ ತೆರೆದು ಮಲಗಿದ್ದ.

"ಐದೇ ನಿಮಿಷ, ಬಾಯಿ ಹಾಗೇ ಇಟ್ಕೊಂಡಿರಿ," ಎಂದು ಡಾಕ್ಟರು ಅವನಿಗೆ ಹೇಳಿ, ಹಳೆಯದೊಂದು ಯಂತ್ರ ಹುಡುಕಿ ತಂದು, ರೀಲಿನ ಎರಡು ಬದಿಯ ತಟ್ಟೆಗಳಿಗೂ ಒಟ್ಟು ಎಂಟು ತೂತು ಕೊರೆದರು. ಬಳಿಕ ತಟ್ಟೆಗಳನ್ನು ಹಿಡಿದಿಡುವ ನಾಲ್ಕು ಕಂಬಿಗಳನ್ನು ತಟ್ಟಿ ನೋಡಿ ತಲೆಯಾಡಿಸಿದರು. "ಇವು ಬುಡದಲ್ಲೇ ಸವೆದಿವೆ. ಕಿತ್ತು ಹೊಸದು ಹಾಕ್ಸೋದೇ ಒಳ್ಳೇದು." ಕೀಳುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು.

ಕಂಬಿ ಕಿತ್ತೊಡನೆ ಒಳಗಿದ್ದ ಸ್ಪ್ರಿಂಗೊಂದು ಚಂಗನೆ ಹಾರಿ ಮಾಯವಾಯಿತು. ಐದು ಗಂಡಸರಲ್ಲಿ ನಾಲ್ವರು ನೆಲದ ಮೇಲೆ ತೆವಳಿದರು. ಬಾಯಿ ಮುಚ್ಚುವಂತಿಲ್ಲದ ಐದನೆಯವನು, ಅಂದರೆ ರೋಗಿ, ತನ್ನ ಅಂಗಿಯ ಜೇಬನ್ನು ಬೆರಳಿನಿಂದ ತೋರಿಸುತ್ತ ಅರ್ಧ ಗಂಟೆ ಒದ್ದಾಡಿದ.

ಕಂಬಿಗಳ ಜಾಗಕ್ಕೆ ಸ್ಟೀಲ್ ಬೋಲ್ಟು ಬಂದವು. ಬೋಲ್ಟಿನ ಮುಂದೆ ತಟ್ಟೆ ತೆಳುವಾಗಿ ಕಂಡಿತು. ಅಂಗಡಿಯವನು ಗೇಟಿಗೆ ಹಾಕುವ ಕಬ್ಬಿಣದ ಪಟ್ಟಿ ತಂದ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ್ದಾಗಿತ್ತು. ಎಲ್ಲ ಸೇರಿ ಎಷ್ಟು ಬಿಗಿದರೆಂದರೆ ದಾರದ ಸುರುಳಿ ಅಲ್ಲಾಡಲೇ ಇಲ್ಲ. ಬಿಚ್ಚಿದರು, ವಾಷರ್ ಹಾಕಿದರು, ಮತ್ತೆ ಬಿಗಿದರು. ಅಳಿಯನ ಕೈಗೆ ಯಾರೂ ಏನನ್ನೂ ಕೊಡಲಿಲ್ಲ. ರೀಲು ಉಳಿದದ್ದು ಅದರಿಂದಲೇ ಇರಬೇಕು.

ನಾಲ್ಕು ಗಂಟೆಗೆ ಪರೀಕ್ಷೆ. ಫಿಟ್ಟರ್ ಹೊಸ ದಪ್ಪ ದಾರ ಸುತ್ತಿ, ರೀಲನ್ನು ಬಾಲ್ಕನಿಯ ಕಂಬಿಗೆ ಬಿಗಿದು, ಕೆಳಗಿನಿಂದ ತುಂಬಿದ ಬಕೆಟ್ ಎತ್ತಿಸಿದರು. ಎದ್ದುಬಂತು. ಖಾಲಿ ಗ್ಯಾಸ್ ಸಿಲಿಂಡರ್ ಕಟ್ಟಿದರು. ಅದೂ ಎದ್ದುಬಂತು. ಬೀದಿಯವರು ಚಪ್ಪಾಳೆ ತಟ್ಟಿದರು. ಅಳಿಯನ ಕಣ್ಣಲ್ಲಿ ನೀರೇ ಬಂತು. ಅವನ ಬದುಕಿನಲ್ಲಿ ಹಾಳಾಗದೆ ಸಂಜೆ ಕಂಡ ಮೊದಲ ವಸ್ತು ಅದು.

ಸಂಜೆ ಮಾವನ ಜೊತೆ ಅತ್ತೆಯೂ ಬಂದರು. ಅಳಿಯ ರೀಲನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟ. ಮೇಜು ಕಿರುಗುಟ್ಟಿತು. ಮಾವ ಫ್ರೇಮನ್ನು ಹಿಡಿದು ಅಲ್ಲಾಡಿಸಿದರು, ತಿರುಚಿದರು, ಯಾರೂ ನೋಡದಾಗ ಗೋಡೆಯ ಮೂಲೆಗೊಮ್ಮೆ ಕುಟ್ಟಿದರು. ಗೋಡೆಯ ಗಾರೆ ಉದುರಿತು. ಅವರ ಮುಖ ಬಿಳಿಚಿಕೊಂಡಿತು. ಹರ್ಷಕ್ಕೆ ಮಾತು ಹೊರಡುತ್ತಿಲ್ಲವೆಂದು ಅಳಿಯ ತಿಳಿದ.

"ನಮ್ಮಪ್ಪನ ರೀಲಿಗೆ ಮರುಜನ್ಮ ಕೊಟ್ರಿ," ಎಂದು ಅತ್ತೆ ಹಿಗ್ಗಿದರು. "ಇವರು ಇರೋತನಕ ಇನ್ನು ಭಾನುವಾರ ತಪ್ಪಲ್ಲ. ಆದ್ರೆ ಇಷ್ಟು ಭಾರಾನ ಒಬ್ರೇ ಹೇಗೆ ಹೊರ್ತಾರೆ? ನಾಳೆಯಿಂದ ನೀವೂ ಜೊತೆಗೆ ಹೋಗಿ. ಬೆಳಿಗ್ಗೆ ಐದಕ್ಕೆ ಹೊರಟ್ರೆ ಸಾಕು."

"ಅವರಿಗೂ ಭಾನುವಾರ ಮನೇಲಿ ಮಾಡೋಕೆ ಕೆಲ್ಸ ಏನಿದೆ?" ಎಂದು ಹೆಂಡತಿ ಒಪ್ಪಿಗೆ ಕೊಟ್ಟೇಬಿಟ್ಟಳು.

ಮಾವ ಅಳಿಯನ ತೋಳು ಹಿಡಿದು ಮೆಟ್ಟಿಲ ಬಳಿಗೆ ಕರೆತಂದು ಬಾಗಿಲು ಮುಂದೆ ಮಾಡಿದರು.

"ಅಳಿಯಂದಿರೇ," ಎಂದರು.

ಅಳಿಯನಿಗೆ ರೋಮಾಂಚನವಾಯಿತು. "ಹೇಳಿ ಮಾವ."

"ನಂಗೆ ನೀರು ಕಂಡ್ರೆ ತಲೆಸುತ್ತು. ನಲವತ್ತು ವರ್ಷದಿಂದ ಮರದ ಕೆಳಗೆ ಕೂತು ಎದ್ದು, ಅಂಗಡಿಯಿಂದ ಮೀನು ಕೊಂಡ್ಕೊಂಡು ಮನೆಗೆ ಹೋಗ್ತಿದ್ದೀನಿ. ಭಾನುವಾರ ನಾನು ಮನೇಲಿದ್ರೆ ನಿಮ್ಮತ್ತೆಗೆ ತಲೆನೋವಂತೆ. ಈ ರೀಲು ಇರೋತನಕ ನಂಗೆ ಬಿಡುಗಡೆ ಇಲ್ಲ. ಆ ಸ್ಕ್ರೂನ ತಿಂಗಳಾನುಗಟ್ಟಲೆ ಸವೆಸಿ ಸಡಿಲ ಮಾಡಿದ್ದು ನಾನೇ." ಮಾವ ಮೆಟ್ಟಿಲ ಮೇಲೆ ಕುಸಿದು ಕುಳಿತರು. "ಉಳಿದದ್ದನ್ನ ಯಾರಿಂದ ಮುಗಿಸೋದು ಅಂತ ಯೋಚಿಸಿದೆ. ಹನ್ನೆರಡು ವರ್ಷದಲ್ಲಿ ಮೊದಲನೇ ಸಲ ನಿಮ್ಮ ಮೇಲೆ ನಂಬಿಕೆ ಇಟ್ಟೆ. ಒಂದು ರೀಲು ಮುರಿಯೋಕೂ ಆಗ್ಲಿಲ್ವಲ್ಲ ನಿಮ್ಮ ಕೈಲಿ."