ರುಬ್ಬುಗುಂಡಿನ ಜಾಮೀನು ಕೋರಿ

ಪೆರಂಬೂರು, ಮದ್ರಾಸು
೪ ಆಗಸ್ಟ್ ೧೯೫೮

ನಮ್ಮ ಪೇಟೆಯ ಪೊಲೀಸ್ ಠಾಣೆಯ ಇನ್‌ಸ್ಪೆಕ್ಟರ್ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ಮೆತ್ತಗಿನ ನಾಲ್ಕು ಇಡ್ಲಿಗಳ ಜೊತೆ ಕಳುಹಿಸಬೇಕಾಗಿದ್ದ ನಮಸ್ಕಾರಗಳನ್ನು, ಮೆತ್ತಗಿನ ಇಡ್ಲಿ ಸದ್ಯ ನನ್ನ ಹೋಟೆಲಿನಲ್ಲಿ ಇಲ್ಲದ ಕಾರಣ, ಬರಿದಾಗಿಯೇ ಕಳುಹಿಸುತ್ತಿದ್ದೇನೆ. ದೊಡ್ಡ ಮನಸ್ಸು ಮಾಡಿ ಸ್ವೀಕರಿಸಬೇಕು.

ಮೂರು ವಾರದ ಹಿಂದೆ ನಮ್ಮ ಅಡುಗೆಮನೆಯ ಗೋಡೆ ಕಪಾಟಿನ ಬೀಗ ಒಡೆದು ದೇವರ ಜೋಡಿ ಬೆಳ್ಳಿದೀಪಗಳನ್ನು ಯಾರೋ ಕದ್ದದ್ದೂ, ತಾವು ಸಪರಿವಾರ ದಯಮಾಡಿಸಿದ್ದೂ ಸರಿಯಷ್ಟೇ. ಅಂದು ತಾವು ಸ್ಥಳ ಪರೀಕ್ಷಿಸಿದ ವೈಖರಿಯನ್ನು ನಾನು ಬದುಕಿರುವವರೆಗೆ ಮರೆಯಲಾರೆ. ಕಾಫಿ ಲೋಟವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತ, ಬಿಡುವಾದ ಕೈಯಿಂದ ಕಪಾಟಿನ ಬಾಗಿಲನ್ನು ಆರು ಸಲ ತೆರೆದು ಮುಚ್ಚಿ, ಆರು ಸಲವೂ ದೀಪ ಒಳಗಿಲ್ಲವೆಂದು ಖಚಿತಪಡಿಸಿಕೊಂಡಿರಿ. ಐದನೆಯ ಸಲಕ್ಕೇ ನಂಬಿಬಿಡುವ ದುಡುಕು ತಮ್ಮಲ್ಲಿಲ್ಲ.

ಆಮೇಲೆ ಕಪಾಟಿನ ಬುಡದಲ್ಲಿ, ತೊಳೆದು ಒಣಗಲಿಟ್ಟಿದ್ದ ರುಬ್ಬುಗುಂಡು ತಮ್ಮ ಕಣ್ಣಿಗೆ ಬಿತ್ತು. ಇಪ್ಪತ್ತು ವರ್ಷಗಳಿಂದ ಅದು ಒಣಗುವುದು ಅಲ್ಲಿಯೇ. ಬೀಗ ಒಡೆದ ಆಯುಧ ಇದೇ ಎಂದು ಮಹಜರಿನಲ್ಲಿ ಬರೆಸಿ, ಇಬ್ಬರು ಪೇದೆಗಳಿಂದ ಏದುಸಿರು ಬಿಡಿಸುತ್ತ ಅದನ್ನು ಜೀಪಿಗೆ ಹತ್ತಿಸಿದಿರಿ. ಹೆಬ್ಬೆಟ್ಟಿನಷ್ಟು ದೊಡ್ಡ ಬೀಗವನ್ನು ಒಡೆಯಲು ಕಳ್ಳನೊಬ್ಬ ಅಷ್ಟು ಭಾರ ಎತ್ತಿದನೆಂದರೆ ಅವನ ನಿಷ್ಠೆಯನ್ನೂ ಮೆಚ್ಚಬೇಕು.

ಗುಂಡಿನ ಮರದ ಹಿಡಿಯ ಮೇಲೆ ಮೋನಪ್ಪನ ಬೆರಳಚ್ಚು ಸಿಕ್ಕಿತಂತೆ. ಮೋನಪ್ಪ ನಮ್ಮಲ್ಲಿ ಹನ್ನೊಂದು ವರ್ಷಗಳಿಂದ ಹಿಟ್ಟು ರುಬ್ಬುವವನು. ತಾವು ಅವನನ್ನು ಗದರಿಸಿದಾಗ ಅವನು ತಣ್ಣಗೆ, “ನನ್ನ ಬೆರಳು ಅದರಲ್ಲಿ ಇಲ್ಲದಿದ್ದರಲ್ವಾ ಧಣಿಗಳೇ ನೀವು ಕೇಳ್ಬೇಕಾದ್ದು?” ಎಂದನಲ್ಲ, ಅದನ್ನು ಉದ್ಧಟತನವೆಂದು ತಾವು ಬರೆದುಕೊಂಡಿರಿ. ಗುಂಡಿಗೆ ಅಂಟಿದ್ದ ಬಿಳಿಯ ಕಲೆಯನ್ನು ಪರೀಕ್ಷೆಗೆ ಕಳುಹಿಸಿ, ಹದಿನೆಂಟು ದಿನ ಕಾದು, ಅದು ಅಕ್ಕಿ ಮತ್ತು ಉದ್ದು ಎಂದು ಪತ್ತೆ ಮಾಡಿದಿರಿ. ನನ್ನನ್ನು ಕೇಳಿದ್ದರೆ ಅಳತೆಯನ್ನೂ ಹೇಳುತ್ತಿದ್ದೆ. ಅಂದಹಾಗೆ, ಊರಿನಿಂದ ಬರಿಗೈಯಲ್ಲಿ ಬಂದ ನಾನು ಹಿಂದಿನ ಯಜಮಾನರ ಕಾಲದಲ್ಲಿ ಇದೇ ಗುಂಡು ತಿರುಗಿಸಿ ಮೇಲೆ ಬಂದವನು. ಮೋನಪ್ಪನ ಗುರುತಿನ ಅಡಿಯಲ್ಲಿ ಚೂರು ಕೆರೆದರೆ ನನ್ನದೂ ಸಿಕ್ಕೀತು. ತಮ್ಮ ಠಾಣೆಯ ಬೆಂಚಿನ ಮೇಲೆ ಅವನ ಪಕ್ಕ ನನಗೂ ಜಾಗವಿರಲಿ.

ಎರವಲು ತಂದ ಗುಂಡು ನಮ್ಮ ಒರಳಿಗೆ ಕೂಡುತ್ತಿಲ್ಲ. ಹಿಟ್ಟು ತರಿತರಿ, ಇಡ್ಲಿ ಇಟ್ಟಿಗೆ. ರೈಲ್ವೆ ವರ್ಕ್‌ಶಾಪಿನ ಗುಮಾಸ್ತ ವಿಶ್ವನಾಥ ನಿನ್ನೆ ತಟ್ಟೆ ತಳ್ಳಿ, “ಇದನ್ನೂ ಸ್ಟೇಷನ್ನಿಗೆ ಕಳಿಸಿಬಿಡಿ ರಾಯರೇ, ಬೀಗ ಇದರಲ್ಲೇ ಒಡೆದಿರಬೇಕು” ಎಂದ. ಗುಂಡು ಇದ್ದ ಜಾಗಕ್ಕೆ ತಾವು ಬಳಿದ ಸುಣ್ಣದ ವೃತ್ತವನ್ನು ಯಾರೂ ತುಳಿಯಬಾರದೆಂದು ಆಜ್ಞೆ ಇರುವುದರಿಂದ, ಸಪ್ಲೈಯರ್‌ಗಳು ಮೂರು ವಾರಗಳಿಂದ ಅದಕ್ಕೆ ಪ್ರದಕ್ಷಿಣೆ ಬರುತ್ತಿದ್ದಾರೆ. ಮೊನ್ನೆ ಶುಕ್ರವಾರ ಯಾರೋ ಹೂವನ್ನೂ ಇಟ್ಟಿದ್ದರು.

ಆದ್ದರಿಂದ ನನ್ನ ಬಿನ್ನಹವಿಷ್ಟು. ಗುಂಡಿಗೆ ಜಾಮೀನು ಕೊಡಿ. ಹೊಣೆಗೆ ಅದರ ಒರಳು ನಿಂತಿದೆ, ಅದಕ್ಕಿಂತ ಕದಲದ ಜಾಮೀನುದಾರ ಈ ಮದ್ರಾಸಿನಲ್ಲಿ ಸಿಗಲಾರ. ಅದಾಗದಿದ್ದರೆ, ಮುಟ್ಟದೆ ರುಬ್ಬುವ ವಿದ್ಯೆಯನ್ನು ತಮ್ಮ ಇಲಾಖೆಯೇ ಮೋನಪ್ಪನಿಗೆ ಕಲಿಸಲಿ.

ಇಲ್ಲ, ಗುಂಡು, ಮೋನಪ್ಪ ಇಬ್ಬರಲ್ಲಿ ಒಬ್ಬರನ್ನೇ ಬಿಡುವುದಾದರೆ ಮೋನಪ್ಪನನ್ನು ಬಿಡಿ. ದಿನವೂ ಬೆಳಿಗ್ಗೆಯಿಂದ ಸಂಜೆಯವರೆಗೆ ಅವನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸುತ್ತಿದ್ದೀರಿ. ಅವನ ಹೆಂಡತಿ ಗುಣವತಿ ಬೀದಿ ನಲ್ಲಿಗೆ ಕೊಡ ಹಿಡಿದು ಹೋಗುವುದನ್ನು ಬಿಟ್ಟು, ತಲೆ ತಗ್ಗಿಸಿಕೊಂಡು ಹೋಟೆಲಿನ ಬಾವಿಗೆ ಬರುತ್ತಾಳೆ. ಕಲ್ಲು ಎಷ್ಟು ದಿನ ಠಾಣೆಯಲ್ಲಿ ಕೂತರೂ ಅದಕ್ಕೆ ಮಾನ ಹೋಗುವುದಿಲ್ಲ.

ತಮ್ಮ ತನಿಖೆಯ ಪ್ರತಿಭೆಗೆ ತಲೆಬಾಗಿರುವ,
ತಮ್ಮ ವಿಶ್ವಾಸಿ,
ಸೀತಾರಾಮ ರಾವ್
(ಹೋಟೆಲು ಮಾಲೀಕ, ಮಾಜಿ ರುಬ್ಬುವವನು)

ಮರೆತ ಮಾತು: ಕಪಾಟಿನ ಬಾಗಿಲ ಮೇಲೆ ಸಿಕ್ಕಿದ ಒಂದೇ ಒಂದು ಸ್ಪಷ್ಟ ಹೆಬ್ಬೆಟ್ಟಿನ ಗುರುತು ‘ಅಪರಿಚಿತ ವ್ಯಕ್ತಿ’ಯದು, ಅವನೇ ಮೋನಪ್ಪನ ಜೊತೆಗಾರ ಎಂದು ತಾವು ಮೊನ್ನೆ ಹೇಳಿದಿರಿ. ಅಂದು ತಾವು ಕಾಫಿ ಕುಡಿದ ಲೋಟವನ್ನು ತೊಳೆಯದೆ ಬಟ್ಟೆ ಸುತ್ತಿ ಎತ್ತಿಟ್ಟಿದ್ದೇನೆ. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಆ ಅಪರಿಚಿತನ ಪರಿಚಯ ತಮಗೆ ಆದೀತು.